ಅಪ್‌ಡೇಟ್: ನಮ್ಮ ಬೋಳು ಸೀಲಿಂಗ್‌ಗೆ ಹಸೆ ಚಿತ್ತಾರ ಬಂತು

ನಮ್ಮ ಹಾಲ್‌ನ ಸೀಲಿಂಗ್ 9.5 ಅಡಿ ಎತ್ತರ, ಬರೀ ಬಿಳಿ, ಏನು ಮಾಡಬಹುದು ಅಂತ ಕೇಳಿದ್ದೆ. ಜಾಸ್ತಿ ಜನ ಜಿಪ್ಸಮ್ ಫಾಲ್ಸ್ ಸೀಲಿಂಗ್ ಹಾಕಿಸಿ ಅಂದಿರಿ. ಅದಕ್ಕೆ ಅರ್ಧ ಅಡಿ ಎತ್ತರ ಹೋಗುತ್ತದೆ, ಮನಸ್ಸಾಗಲಿಲ್ಲ. ಹಳೇ ರೇಷ್ಮೆ ಸೀರೆ ನೆರಿಗೆ ಹಿಡಿದು ಕಟ್ಟಿ ಅಂದವರೂ ಇದ್ದಿರಿ. ಚೆನ್ನಾಗೇ ಕಾಣುತ್ತದೆ, ಆದರೆ ಧೂಳು ಹೊಡೆಯೋರು ಯಾರು?

ಕೊನೆಗೆ ಹಿಡಿದಿದ್ದು ಮಲೆನಾಡಿನ ದೀವರ ಸಮುದಾಯದ ಹೆಂಗಸರ ಹಸೆ ಚಿತ್ತಾರ. ಅವರು ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿಯ ಬಿಳಿಯಲ್ಲಿ, ಪುಂಡಿನಾರಿನ ಕುಂಚದಿಂದ ಗೆರೆ ಎಳೆಯುತ್ತಾರೆ. ನಾನು ಕೆಮ್ಮಣ್ಣು ಬಣ್ಣದ ಎಮಲ್ಷನ್, ಬಿಳಿಗೆ ಅಕ್ರಿಲಿಕ್ ತಂದೆ. ಅಕ್ಕಿ ಹಿಟ್ಟು ತಲೆ ಮೇಲೆ ಉದುರೋದು ಬೇಡ ಅಲ್ವಾ!

ಪೂರ್ತಿ ಕೆಂಪು ಬಳಿದರೆ ಹಾಲ್ ಗವಿಯಾಗುತ್ತದೆ. ಅದಕ್ಕೇ ಅಂಚಿಗೆ ಒಂದಡಿ ಪಟ್ಟಿ, ಫ್ಯಾನ್ ಸುತ್ತ ಒಂದು ಚಕ್ರ, ಅಷ್ಟೇ. ಮೇನ್ ಆಫ್ ಮಾಡಿ, ಫ್ಯಾನ್ ಇಳಿಸಿ, ಕೊಕ್ಕೆಗೆ ದಾರ ಕಟ್ಟಿ, ತುದಿಗೆ ಪೆನ್ಸಿಲ್ ಸಿಕ್ಕಿಸಿ ಒಂದು ಸುತ್ತು ಬಂದರೆ ವೃತ್ತ ಸಿದ್ಧ. ನೇರ ಗೆರೆಗೆ ಮಾಸ್ಕಿಂಗ್ ಟೇಪ್. ಬಣ್ಣ ಪೂರ್ತಿ ಒಣಗುವ ಮೊದಲೇ ನಿಧಾನಕ್ಕೆ ಕಿತ್ತರೆ ಅಂಚು ಚೂಪಾಗಿ ಬರುತ್ತದೆ.

ಮದುವೆಗೆ ಬರೆಯೋ ಚಿತ್ತಾರ ನೋಡಿ ಅತ್ತೆ, "ಮತ್ತೆ ಯಾರ ಮದುವೆನೇ?" ಅಂದರು. ಕತ್ತು ನೋವು ಮಾತ್ರ ಇನ್ನೂ ಹೋಗಿಲ್ಲ.

ಅಂದ ಹಾಗೆ, ನಿಮ್ಮ ಸೀಲಿಂಗ್‌ನಲ್ಲಿ ತೇವ ಇದ್ದರೆ ಮೊದಲು ಸೋರಿಕೆ ನಿಲ್ಲಿಸಿ. ಇಲ್ಲದಿದ್ದರೆ ಯಾವ ಬಣ್ಣ ಬಳಿದರೂ ಚಕ್ಕೆ ಏಳುತ್ತದೆ.