ದಿನಕ್ಕೊಂದು ರೀಜನ್, ಮೈಲೇಜ್ ಆರರಿಂದ ಐದಕ್ಕೆ: ಬಿಎಸ್6 ಲಾರಿಯ ಡೀಸೆಲ್ ಎಲ್ಲಿ ಹೋಗುತ್ತಿದೆ?

ಅಂತರಸನಹಳ್ಳಿ_ಲಾರಿ

ತುಮಕೂರಿನಿಂದ ಬರೆಯುತ್ತಿದ್ದೇನೆ. ಆರು ಚಕ್ರದ ಲಾರಿ, ಬಿಎಸ್6 (ಹೊಗೆ ಮಾಲಿನ್ಯದ ಮಾನದಂಡ), 2021ರ ಮಾದರಿ. ವಸಂತನರಸಾಪುರದಲ್ಲಿ ಲೋಡು ಹಾಕಿಕೊಂಡು ಪೀಣ್ಯಕ್ಕೆ ಹೋಗುತ್ತದೆ, ಹೆಚ್ಚಿನ ದಿನ ಖಾಲಿಯಾಗಿ ವಾಪಸ್ ಬರುತ್ತದೆ. ಹೋಗಿ ಬರಲು ಸುಮಾರು 150 ಕಿಲೋಮೀಟರ್. ಒಂದೇ ಬಂಕ್‌ನಲ್ಲಿ ಫುಲ್ ಟ್ಯಾಂಕ್ ಮಾಡಿಸಿ ಲೆಕ್ಕ ಹಾಕುವ ಅಭ್ಯಾಸ ನನ್ನದು. ಮೊದಲು ಲೀಟರಿಗೆ ಆರು ಕಿಲೋಮೀಟರ್ ಬರುತ್ತಿತ್ತು. ಮಳೆಗಾಲ ಮುಗಿದ ಮೇಲೆ ಇಳಿಯುತ್ತಾ ಬಂದು ಈಗ ಐದಕ್ಕೆ ನಿಂತಿದೆ.

ಇದರ ಜೊತೆಗೆ ಡ್ಯಾಶ್‌ಬೋರ್ಡಿನಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರಿನ ದೀಪ ಪದೇ ಪದೇ ಬರುತ್ತಿದೆ. ಮೊದಲು ಯಾವಾಗಲೋ ಒಮ್ಮೆ ರೀಜನರೇಷನ್ (ಫಿಲ್ಟರಿನಲ್ಲಿ ಕಟ್ಟಿದ ಮಸಿಯನ್ನು ಗಾಡಿಯೇ ಸುಟ್ಟು ತೆಗೆಯುವುದು, ಚಿಕ್ಕದಾಗಿ ರೀಜನ್) ಆಗುತ್ತಿತ್ತು, ಚಾಲಕನಿಗೆ ಗೊತ್ತೂ ಆಗುತ್ತಿರಲಿಲ್ಲ. ಈಗ ಹೆಚ್ಚುಕಡಿಮೆ ದಿನಕ್ಕೊಂದು. ಕೆಲವೊಮ್ಮೆ ಗಾಡಿ ನಿಲ್ಲಿಸಿ ಸ್ವಿಚ್ ಒತ್ತಿ ಅರ್ಧ ಗಂಟೆ ಕಾಯಬೇಕಾಗುತ್ತದೆ. ಸರ್ವೀಸ್ ಸೆಂಟರಿಗೆ ತೆಗೆದುಕೊಂಡು ಹೋದರೆ ಲ್ಯಾಪ್‌ಟಾಪ್ ಹಾಕಿ ಒಮ್ಮೆ ರೀಜನ್ ಮಾಡಿಸಿ, ಬಿಲ್ ಕೈಗಿತ್ತು ಕಳುಹಿಸುತ್ತಾರೆ. ಒಂದು ವಾರ ಸರಿ, ಆಮೇಲೆ ಅದೇ ಕಥೆ. ಹೊಗೆ ಶುದ್ಧಿಗೆ ಬೇರೆ ಟ್ಯಾಂಕಿನಲ್ಲಿ ಹಾಕುವ ಯೂರಿಯಾ ದ್ರಾವಣದ ಖರ್ಚು ಮಾತ್ರ ಮೊದಲಿನಷ್ಟೇ ಇದೆ. ಡೀಸೆಲನ್ನು ಕುಡಿಯುತ್ತಿರುವುದು ಈ ರೀಜನ್ನೇ ಅಲ್ಲವೇ? ಇದನ್ನು ಕಡಿಮೆ ಮಾಡುವ ದಾರಿ ಯಾವುದು?

ಶಿರಾ_ಗೇಟ್

ಅಣ್ಣ, ನೇರವಾಗಿ ಹೇಳುತ್ತೇನೆ. ಆ ಫಿಲ್ಟರ್ ಡಬ್ಬಿಯ ಒಳಗಿನ ಜಾಲರಿಯನ್ನು ತೆಗೆಸಿ, ಇಸಿಎಂಗೆ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿಗೆ) ಹೊಸ ಪ್ರೋಗ್ರಾಂ ಹಾಕಿಸಿಬಿಡಿ. ರೀಜನ್ನೂ ಇಲ್ಲ, ದೀಪವೂ ಇಲ್ಲ. ಮಾಡಿಕೊಡುವವರು ಹೆದ್ದಾರಿ ಉದ್ದಕ್ಕೂ ಇದ್ದಾರೆ.

ಕ್ಯಾತ್ಸಂದ್ರ_ಮೆಕ್ಯಾನಿಕ್

ಶಿರಾದವರ ಸಲಹೆಯನ್ನು ಮೊದಲು ಪಕ್ಕಕ್ಕಿಡುತ್ತೇನೆ. ತಯಾರಕರು ಕೊಟ್ಟ ಸ್ವರೂಪವನ್ನು ಹೀಗೆ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅವಕಾಶ ಕೊಡುವುದಿಲ್ಲ. ವಾರಂಟಿಯೂ ಹೋಯಿತು. ಅದಕ್ಕಿಂತ ಮುಖ್ಯವಾಗಿ, ಫಿಲ್ಟರ್ ತೆಗೆದರೂ ಕಾಯಿಲೆ ಅಲ್ಲೇ ಇರುತ್ತದೆ. ನಿಮ್ಮ ಎಂಜಿನ್ ಎಲ್ಲೋ ಅತಿಯಾಗಿ ಮಸಿ ಉಗುಳುತ್ತಿದೆ.

ಈಗ ಲೆಕ್ಕಕ್ಕೆ ಬರೋಣ. 150 ಕಿಲೋಮೀಟರಿಗೆ ಆರರ ಮೈಲೇಜ್‌ನಲ್ಲಿ 25 ಲೀಟರ್ ಬೇಕು, ಐದರಲ್ಲಿ 30. ಅಂದರೆ ದಿನಕ್ಕೆ ಐದು ಲೀಟರ್ ಹೆಚ್ಚಿಗೆ ಹೋಗುತ್ತಿದೆ. ನಿಮ್ಮ ಗಾತ್ರದ ಎಂಜಿನ್‌ನಲ್ಲಿ ಒಂದು ಪೂರ್ತಿ ರೀಜನ್‌ಗೆ ತಗಲುವುದು ಅಂದಾಜು ಒಂದೂವರೆಯಿಂದ ಎರಡು ಲೀಟರ್. ಆರೋಗ್ಯವಾಗಿರುವ ಲಾರಿಯಲ್ಲಿ ಕೆಲವು ನೂರು ಕಿಲೋಮೀಟರಿಗೆ ಒಮ್ಮೆ ಆದರೆ ಒಟ್ಟು ಡೀಸೆಲ್‌ನಲ್ಲಿ ಅದು ನೂರಕ್ಕೆ ಎರಡು ಮೂರು ಪಾಲು, ಅಷ್ಟೇ. ನಿಮ್ಮಲ್ಲಿ ದಿನಕ್ಕೊಮ್ಮೆ ಆಗುತ್ತಿದೆ ಎಂದರೂ ಎರಡು ಲೀಟರ್ ಲೆಕ್ಕ ಸಿಕ್ಕಿತು. ಉಳಿದ ಮೂರು ಲೀಟರ್ ಎಲ್ಲಿ? ರೀಜನ್ನಿನ ಮೇಲೆ ಎಲ್ಲ ತಪ್ಪನ್ನೂ ಹೊರಿಸಿದರೆ ಈ ಮೂರು ಲೀಟರ್ ಸಿಗುವುದೇ ಇಲ್ಲ.

ಒಳಗೆ ನಡೆಯುವುದು ಏನು ಎಂದು ಗೊತ್ತಿದ್ದರೆ ಹುಡುಕುವುದು ಸುಲಭ. ಫಿಲ್ಟರಿನಲ್ಲಿ ಜೇನುಗೂಡಿನ ಆಕಾರದ ಸಣ್ಣ ಕೊಳವೆಗಳಿರುತ್ತವೆ, ಒಂದು ಬಿಟ್ಟು ಒಂದರ ಬಾಯಿ ಮುಚ್ಚಿರುತ್ತದೆ. ಹೊಗೆ ಗೋಡೆಯೊಳಗಿಂದಲೇ ನುಸುಳಿ ಹೋಗಬೇಕು, ಮಸಿ ಹಿಂದೆ ಉಳಿಯುತ್ತದೆ. ಲೋಡು ಎಳೆದುಕೊಂಡು ಹೆದ್ದಾರಿಯಲ್ಲಿ ಓಡುವಾಗ ಎಕ್ಸಾಸ್ಟ್ 250ರಿಂದ 400 ಡಿಗ್ರಿಯವರೆಗೆ ಬಿಸಿಯಾಗಿದ್ದರೆ, ಫಿಲ್ಟರಿನ ಮುಂದಿರುವ ಕ್ಯಾಟಲಿಸ್ಟ್ (ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಲೇಪನವಿರುವ ಭಾಗ) ತಯಾರಿಸುವ ನೈಟ್ರೋಜನ್ ಡೈಆಕ್ಸೈಡ್ ಆ ಮಸಿಯನ್ನು ಸದ್ದಿಲ್ಲದೆ ಸುಡುತ್ತಿರುತ್ತದೆ. ಇದಕ್ಕೆ ಹೆಚ್ಚುವರಿ ಡೀಸೆಲ್ ಬೇಡ. ಇಷ್ಟು ಸಾಲದೆ ಮಸಿ ತುಂಬಿದಾಗ ಮಾತ್ರ ಇಸಿಎಂ ಡೀಸೆಲ್ ಹೊಡೆದು ಫಿಲ್ಟರಿನ ಬಿಸಿಯನ್ನು 600 ಡಿಗ್ರಿಯ ಆಸುಪಾಸಿಗೆ ಏರಿಸುತ್ತದೆ. ಆ ಡೀಸೆಲ್ ಪಿಸ್ಟನ್ನನ್ನು ತಳ್ಳುವುದಿಲ್ಲ, ಕ್ಯಾಟಲಿಸ್ಟಿನಲ್ಲಿ ಉರಿದು ಶಾಖವಾಗುತ್ತದೆ. ಅದರಿಂದ ಒಂದು ಮೀಟರ್ ದೂರವೂ ಲಾರಿ ಓಡುವುದಿಲ್ಲ.

ಎಲ್ಲಕ್ಕಿಂತ ದುಬಾರಿಯಾದದ್ದು ಅರ್ಧಕ್ಕೆ ನಿಂತ ರೀಜನ್. ಬಿಸಿ ಮಾಡಲು ಡೀಸೆಲ್ ಖರ್ಚಾಗಿರುತ್ತದೆ, ಮಸಿ ಸುಡುವ ಹೊತ್ತಿಗೆ ಚಾಲಕ ಎಂಜಿನ್ ಆಫ್ ಮಾಡುತ್ತಾನೆ. ಮರುದಿನ ಮತ್ತೆ ಮೊದಲಿನಿಂದ. ಮೈಲೇಜ್ ಉಳಿಸಲು ರೀಜನ್ ತಡೆಯುವ ಸ್ವಿಚ್ಚನ್ನು ಒತ್ತಿಯೇ ಇಡುವವರೂ ಇದ್ದಾರೆ. ಮಸಿ ಕಟ್ಟಿಕೊಂಡಷ್ಟೂ ಹೊಗೆಯನ್ನು ಹೊರಗೆ ತಳ್ಳಲು ಎಂಜಿನ್ ಹೆಚ್ಚು ತಿಣುಕಬೇಕು, ಆಗಲೂ ಡೀಸೆಲೇ ಹೋಗುವುದು.

ಯೂರಿಯಾಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು ಫಿಲ್ಟರ್ ದಾಟಿದ ಮೇಲೆ ಬೀಳುವಂಥದ್ದು, ಅದರ ಕೆಲಸ ನೈಟ್ರೋಜನ್ ಆಕ್ಸೈಡ್‌ಗಳನ್ನು ಇಳಿಸುವುದು.

ಇಷ್ಟು ತಿಳಿಸಿ: ಕಾರ್ಖಾನೆಯ ಗೇಟಿನಲ್ಲಿ ಎಂಜಿನ್ ಎಷ್ಟು ಹೊತ್ತು ಓಡುತ್ತಿರುತ್ತದೆ? ಲೋಡಿನಲ್ಲಿ ಡಾಬಸ್‌ಪೇಟೆ ಕಡೆಯ ಏರು ಹತ್ತುವಾಗ ಪಿಕಪ್ ಮೊದಲಿನಂತೆ ಇದೆಯೇ? ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಎಲ್ಲಿದೆ? ಯಾವ ಗ್ರೇಡಿನ ಆಯಿಲ್ ಹಾಕಿಸುತ್ತಿದ್ದೀರಿ?

ಕೋಲಾರ_ಟೊಮೆಟೊ_ಲೋಡು

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಕೋಲಾರ ಎಪಿಎಂಸಿಯಲ್ಲಿ ಸೀಸನ್ ಸಮಯಕ್ಕೆ ಬಂದರೆ ಗೇಟಿನ ಸಾಲಿನಲ್ಲಿ ಎಂಜಿನ್ ಓಡಿಸಿಕೊಂಡು ನಿಲ್ಲುವುದು ಏನೆಂದು ಗೊತ್ತಾಗುತ್ತದೆ. ನಮ್ಮಲ್ಲಿ ಎರಡು ಒಂದೇ ಮಾದರಿಯ ಗಾಡಿಗಳಿವೆ. ಮುಳಬಾಗಿಲು ದಾಟಿ ಆಂಧ್ರದ ಕಡೆಗೆ ದೂರ ಹೋಗುವ ಗಾಡಿಗೆ ರೀಜನ್ ದೀಪ ಅಪರೂಪ. ಹಳ್ಳಿಗಳಿಂದ ಮಂಡಿಗೆ ಕ್ರೇಟ್ ತರುವ ಗಾಡಿಗೆ ಅದೇ ನಿತ್ಯದ ಗೋಳು. ಎಂಜಿನ್ನಿನಲ್ಲಿ ಯಾವ ದೋಷವೂ ಇಲ್ಲ. ಐಡ್ಲಿಂಗ್‌ನಲ್ಲಿ ಎಕ್ಸಾಸ್ಟ್ ಬಿಸಿಯಾಗುವುದೇ ಇಲ್ಲ, ಹಾಗಾಗಿ ತಾನಾಗಿ ಸುಡುವುದು ನಡೆಯುವುದಿಲ್ಲ. ಆದ್ದರಿಂದ ಮೆಕ್ಯಾನಿಕ್ ಅವರೇ, ಪ್ರತಿಯೊಂದಕ್ಕೂ ಎಂಜಿನ್ನಿನ ಕಾಯಿಲೆ ಎನ್ನಬೇಡಿ.

ಇನ್ನೊಂದು ಮಾತು, ಡೀಸೆಲ್ ಎಲ್ಲಿ ಹಾಕಿಸುತ್ತೀರಿ? ರಸ್ತೆ ಬದಿ ಡ್ರಮ್ಮಿನಲ್ಲಿ ಸಿಗುವ ಅಗ್ಗದ ಎಣ್ಣೆಯ ಸಹವಾಸ ಬೇಡ. ಬಿಎಸ್6 ಡೀಸೆಲ್‌ನಲ್ಲಿ ಗಂಧಕ ಹತ್ತು ಪಿಪಿಎಂ (ಹತ್ತು ಲಕ್ಷಕ್ಕೆ ಹತ್ತು ಪಾಲು) ಮೀರುವಂತಿಲ್ಲ. ಡ್ರಮ್ಮಿನ ಎಣ್ಣೆಗೆ ಅಂಥ ಯಾವ ಖಾತರಿಯೂ ಇಲ್ಲ, ಕ್ಯಾಟಲಿಸ್ಟನ್ನು ಅದು ಕೆಡಿಸುತ್ತದೆ.

ಅಂತರಸನಹಳ್ಳಿ_ಲಾರಿ

ಡ್ರಮ್ಮಿನ ಎಣ್ಣೆ ನಾನು ಮುಟ್ಟಿಲ್ಲ, ಹೆದ್ದಾರಿಯ ಒಂದೇ ಬಂಕ್.

ಮೆಕ್ಯಾನಿಕ್ ಸರ್, ಚಾಲಕನನ್ನು ಕೂರಿಸಿಕೊಂಡು ಕೇಳಿದೆ. ಲೋಡಿಂಗ್ ಸಾಲಿನಲ್ಲಿ ಒಂದು ಗಂಟೆಯಾದರೂ ಎಂಜಿನ್ ಓಡುತ್ತಿರುತ್ತದಂತೆ. ಎರಡು ನಿಮಿಷಕ್ಕೊಮ್ಮೆ ಹತ್ತು ಅಡಿ ಮುಂದಕ್ಕೆ ಹೋಗಬೇಕು, ಆಫ್ ಮಾಡಿದರೆ ಹಿಂದಿನವರು ಹಾರ್ನ್ ಹೊಡೆಯುತ್ತಾರಂತೆ. ಪೀಣ್ಯದಲ್ಲಿ ಅನ್‌ಲೋಡಿಂಗ್ ಜಾಗ ತಲುಪಿದಾಗ ರೀಜನ್ ನಡೆಯುತ್ತಿದ್ದರೂ ಆಫ್ ಮಾಡಿಸುತ್ತಾರೆ, ಗೋದಾಮಿನ ಒಳಗೆ ಓಡಿಸಲು ಬಿಡುವುದಿಲ್ಲ. ಹೆದ್ದಾರಿ ಅಗಲೀಕರಣದ ಕೆಲಸ ಇರುವ ಕಡೆ ಸರ್ವೀಸ್ ರಸ್ತೆಯಲ್ಲಿ ತೆವಳುವುದು ಬೇರೆ.

ಪಿಕಪ್ ವಿಷಯ ಸರಿಯಾಗಿ ಕೇಳಿದಿರಿ. ಏರಿನಲ್ಲಿ ಒಂದು ಗೇರ್ ಹೆಚ್ಚಾಗಿ ಇಳಿಸಬೇಕಾಗುತ್ತಿದೆ, ಆಕ್ಸಿಲರೇಟರ್ ಒತ್ತಿದಾಗ ಸುಯ್ ಎಂಬ ಶಬ್ದ ಬರುತ್ತದೆ ಎಂದು ಈಗ ಹೇಳುತ್ತಿದ್ದಾನೆ. ಆದರೆ ಹೊಗೆ ಸ್ವಲ್ಪವೂ ಇಲ್ಲ, ಸೈಲೆನ್ಸರಿನ ಬಾಯಿಗೆ ಬಿಳಿ ಕರವಸ್ತ್ರ ಹಿಡಿದರೂ ಕಪ್ಪಾಗುವುದಿಲ್ಲ. ಎಂಜಿನ್ ಮಸಿ ಉಗುಳುತ್ತಿದೆ ಎಂದು ಹೇಗೆ ಹೇಳುತ್ತೀರಿ? ಆಯಿಲ್ ಮಟ್ಟ ಮೇಲಿನ ಗೆರೆಗಿಂತ ತುಸು ಮೇಲಿದೆ. ಕಳೆದ ಸಲ ಹೊರಗಡೆ ಬದಲಾಯಿಸಿದ್ದು, ಡಬ್ಬಿಯ ಮೇಲೆ ಸಿಐ-4 ಪ್ಲಸ್ ಎಂದಿತ್ತು.

ಕ್ಯಾತ್ಸಂದ್ರ_ಮೆಕ್ಯಾನಿಕ್

ಕೋಲಾರದವರು ಹೇಳಿದ್ದರಲ್ಲಿ ಅರ್ಧವನ್ನು ಒಪ್ಪುತ್ತೇನೆ. ಒಂದು ಗಂಟೆ ಐಡ್ಲಿಂಗ್ ಎಂದರೆ ಒಂದೂವರೆ ಲೀಟರ್ ಇಟ್ಟುಕೊಳ್ಳಿ. ಮೂರರಲ್ಲಿ ಅಷ್ಟು ಹೋಯಿತು. ಆದರೆ ಈ ಸಾಲು, ಈ ಗೋದಾಮು ಮಳೆಗಾಲಕ್ಕೆ ಮುಂಚೆಯೂ ಇದ್ದವಲ್ಲವೇ? ಆಗ ಆರು ಬರುತ್ತಿತ್ತು. ಹೊಸದಾಗಿ ಸೇರಿಕೊಂಡದ್ದು ಪಿಕಪ್ ಕೊರತೆ ಮತ್ತು ಆ ಸುಯ್ ಶಬ್ದ.

ಹೊಗೆ ಕಾಣದಿರುವುದೇ ಬಿಎಸ್6 ಗಾಡಿಯಲ್ಲಿ ಎಲ್ಲರನ್ನೂ ದಾರಿ ತಪ್ಪಿಸುವ ಸಂಗತಿ. ಹಳೆಯ ಬಿಎಸ್3 ಲಾರಿಯಲ್ಲಿ ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ) ಪೈಪ್ ಸೀಳಿದ್ದರೆ ಗಾಳಿ ಸಾಲದೆ ಡೀಸೆಲ್ ಪೂರ್ತಿ ಉರಿಯದೆ, ಹಿಂದೆ ಬರುವವನಿಗೆ ರಸ್ತೆ ಕಾಣದಷ್ಟು ಕಪ್ಪು ಹೊಗೆ ಬರುತ್ತಿತ್ತು, ಅದೇ ದಿನ ಗ್ಯಾರೇಜಿಗೆ ತರುತ್ತಿದ್ದರು. ಈಗ ಆ ಹೊಗೆಯನ್ನೆಲ್ಲ ಫಿಲ್ಟರ್ ನುಂಗುತ್ತದೆ. ನಿಮ್ಮ ಕರವಸ್ತ್ರ ಕಪ್ಪಾಗದಿದ್ದರೆ ಫಿಲ್ಟರ್ ಒಡೆದಿಲ್ಲ ಎಂದು ಮಾತ್ರ ಅರ್ಥ. ಎಂಜಿನ್ ಎಷ್ಟು ಮಸಿ ಕೊಡುತ್ತಿದೆ ಎಂದು ತಿಳಿಯಲು ರೀಜನ್ ಎಷ್ಟು ಬೇಗ ಬರುತ್ತಿದೆ ಎಂದು ನೋಡಬೇಕು. ಅದಕ್ಕೇ ನಾನು ರೀಜನ್ನನ್ನು ಬೈಯುವುದಿಲ್ಲ.

ಹೀಗೆ ಪರೀಕ್ಷಿಸಿ. ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಎಂಜಿನ್‌ಗೆ ಹೋಗುವ ರಬ್ಬರ್ ಪೈಪುಗಳ ಕೆಳಭಾಗವನ್ನು ಬೆರಳಿನಿಂದ ಸವರಿ. ಎಣ್ಣೆ ಬೆರೆತ ಕಪ್ಪು ಜಿಡ್ಡು ಸಿಕ್ಕಿದ ಕಡೆ ಗಾಳಿ ಸೋರುತ್ತಿದೆ ಎಂದು ಅನುಮಾನಿಸಿ. ಸೀಳು ಹೆಚ್ಚಾಗಿ ಕ್ಲಾಂಪಿನ ಅಂಚಿನಲ್ಲಿ, ಕೆಳಮುಖವಾಗಿ ಇರುತ್ತದೆ. ನಿಂತ ಗಾಡಿಯಲ್ಲಿ ಮುಚ್ಚಿಕೊಂಡಿದ್ದು ಲೋಡಿನಲ್ಲಿ ಮಾತ್ರ ಬಾಯಿ ಬಿಡುವುದರಿಂದ ಬರಿಗಣ್ಣಿಗೆ ತಪ್ಪಿಸಿಕೊಳ್ಳುತ್ತದೆ. ಎಂಜಿನ್ ಆಫ್ ಇರುವಾಗ ಟರ್ಬೊದ ಪೈಪಿಗೆ ಮುಚ್ಚಳ ಹಾಕಿ, ಕಡಿಮೆ ಒತ್ತಡದ ಗಾಳಿ ತುಂಬಿಸಿ, ಸೋಪಿನ ನೀರು ಹಚ್ಚಿದರೆ ಗುಳ್ಳೆ ಬರುತ್ತದೆ. ಟೈರಿಗೆ ಹಾಕುವ ಒತ್ತಡ ಹಾಕಬೇಡಿ, ಮುಚ್ಚಳ ಸಿಡಿದರೆ ಮುಖ ಒಡೆಯುತ್ತದೆ.

ಅದೇ ಹೊತ್ತಿಗೆ ಇನ್ನೊಂದು ನೋಡಬೇಕು. ಫಿಲ್ಟರಿನ ಹಿಂದೆ ಮುಂದೆ ಒತ್ತಡದ ವ್ಯತ್ಯಾಸ ಅಳೆಯುವ ಸೆನ್ಸರ್ ಇದೆ, ಅದಕ್ಕೆ ಸಣ್ಣ ಕೊಳವೆಗಳು ಹೋಗುತ್ತವೆ. ಕೊಳವೆ ಬಿರಿದಿದ್ದರೆ ಅಥವಾ ಮಸಿ ಕಟ್ಟಿದ್ದರೆ ಸೆನ್ಸರ್ ಸುಳ್ಳು ಹೇಳುತ್ತದೆ, ಇಸಿಎಂ ಬೇಡದ ರೀಜನ್ ಮಾಡಿಸುತ್ತದೆ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಸ್ಕ್ಯಾನರ್‌ನಲ್ಲಿ ನೋಡಿದರೆ ಆ ಸಂಖ್ಯೆ ಸೊನ್ನೆಯ ಹತ್ತಿರ ಇರಬೇಕು. ಇಲ್ಲದಿದ್ದರೆ ಸೆನ್ಸರ್ ಅಥವಾ ಅದರ ವೈರಿಂಗ್ ಕೆಟ್ಟಿದೆ. ಪೈಪು, ಸೆನ್ಸರ್ ಎರಡೂ ಸರಿ ಇದ್ದರೆ ಆಮೇಲೆ ಇಜಿಆರ್ (ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ ವ್ಯವಸ್ಥೆ), ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್. ಅದು ದುಬಾರಿ ದಾರಿ, ಈಗಲೇ ಹೋಗಬೇಡಿ.

ಆಯಿಲ್ ಮಟ್ಟ ಏರಿರುವುದು ಒಳ್ಳೆಯದಲ್ಲ. ಕೆಲವು ಎಂಜಿನ್‌ಗಳಲ್ಲಿ ರೀಜನ್‌ಗೆ ಬೇಕಾದ ಡೀಸೆಲನ್ನು ಸಿಲಿಂಡರಿನೊಳಗೆ ತಡವಾಗಿ ಹೊಡೆಯುತ್ತಾರೆ. ಅದರಲ್ಲಿ ಸ್ವಲ್ಪ ಗೋಡೆಗುಂಟ ಇಳಿದು ಆಯಿಲ್ ಸೇರುತ್ತದೆ. ಅರ್ಧಕ್ಕೆ ನಿಂತ ರೀಜನ್ ಹೆಚ್ಚಾದಷ್ಟೂ ಆಯಿಲ್ ನೀರಾಗುತ್ತದೆ, ಬೇರಿಂಗ್ ತಿನ್ನುತ್ತದೆ. ಬದಲಾಯಿಸಿಯೇಬಿಡಿ. ಈ ಸಲ ಸಿಐ-4 ಪ್ಲಸ್ ಬಿಟ್ಟು ಸಿಕೆ-4 ಗ್ರೇಡ್ ಅಥವಾ ನಿಮ್ಮ ಮ್ಯಾನ್ಯುಯಲ್‌ನಲ್ಲಿ ಬರೆದಿರುವ ಕಡಿಮೆ ಬೂದಿಯ ಆಯಿಲ್ ಹಾಕಿಸಿ. ಒಲೆಯಲ್ಲಿ ಕಟ್ಟಿಗೆ ಉರಿದರೂ ಬೂದಿ ಉಳಿಯುವಂತೆ, ಆಯಿಲ್‌ನಲ್ಲಿರುವ ಕ್ಯಾಲ್ಸಿಯಂ, ಸತುವಿನಂಥ ಅಂಶಗಳ ಬೂದಿ ಫಿಲ್ಟರಿನಲ್ಲಿ ಉಳಿದುಬಿಡುತ್ತದೆ. ಎಷ್ಟು ರೀಜನ್ ಮಾಡಿದರೂ ಅದು ಸುಡುವುದಿಲ್ಲ.

ಅಂತರಸನಹಳ್ಳಿ_ಲಾರಿ

ಸಿಕ್ಕಿತು. ಇಂಟರ್‌ಕೂಲರ್‌ನಿಂದ ಎಂಜಿನ್‌ಗೆ ಹೋಗುವ ಪೈಪು, ಕ್ಲಾಂಪಿನ ಪಕ್ಕದಲ್ಲೇ, ಕೆಳಮುಖವಾಗಿ ಎರಡು ಬೆರಳಗಲದ ಸೀಳು. ಮೇಲಿನಿಂದ ನೋಡಿದರೆ ಹೊಸದರಂತೆ ಕಾಣುತ್ತದೆ. ಸೋಪಿನ ನೀರಿಗೆ ನೊರೆಯೇ ಬಂತು. ಸೆನ್ಸರ್ ಸಂಖ್ಯೆ ಸೊನ್ನೆಯೇ ಇತ್ತು. ಪೈಪು, ಕ್ಲಾಂಪ್ ಎರಡನ್ನೂ ಬದಲಾಯಿಸಿದೆವು, ಆಯಿಲ್ಲೂ ಆಯಿತು. ಆಮೇಲೆ ಊರ ಹೊರಗೆ ಒಂದು ಪೂರ್ತಿ ರೀಜನ್ ಮಾಡಿಸಿದೆ.

ಈಗ ಏರಿನಲ್ಲಿ ಗೇರ್ ಇಳಿಸುವ ತೊಂದರೆ ಇಲ್ಲ. ದೀಪ ದಿನವೂ ಬರುವುದು ನಿಂತಿದೆ. ಮೈಲೇಜ್ 5.7ರ ಹತ್ತಿರ ಬರುತ್ತಿದೆ. ಆರು ಯಾಕೆ ಆಗಲಿಲ್ಲ?

ಶಿರಾ_ಗೇಟ್

ರಬ್ಬರ್ ಪೈಪಿಗಾಗಿ ಇಷ್ಟು ರಾದ್ಧಾಂತವೇ? ನನ್ನ ಗಾಡಿಯದನ್ನೂ ನಾಳೆ ಬೆಳಗ್ಗೆ ಸವರಿ ನೋಡುತ್ತೇನೆ.

ಕ್ಯಾತ್ಸಂದ್ರ_ಮೆಕ್ಯಾನಿಕ್

5.7ಕ್ಕೆ ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 1.3 ಲೀಟರಿನಷ್ಟು ವ್ಯತ್ಯಾಸ ಉಳಿದಿದೆ. ರಸ್ತೆ ಕೆಲಸದ ತೆವಳಾಟವೂ ಅದರಲ್ಲಿ ಸೇರಿದೆ, ಗೇಟಿನ ಸಾಲೂ ಸೇರಿದೆ. ಸಾಲಿನಲ್ಲಿ ಮುಂದಿನ ಗಾಡಿ ಕದಲದೆ ನಿಂತಾಗಲಾದರೂ ಆಫ್ ಮಾಡಲು ಹೇಳಿ. ಪೀಣ್ಯ ತಲುಪುವ ಮುನ್ನ ರೀಜನ್ ಶುರುವಾಗಿದ್ದರೆ ನೆಲಮಂಗಲದ ಆಚೆಯೇ ನಿಲ್ಲಿಸಿ ಮುಗಿಸಿಕೊಂಡು ಒಳಗೆ ಹೋಗಲಿ. ನಿಲ್ಲಿಸುವ ಜಾಗದಲ್ಲಿ ಒಣ ಹುಲ್ಲು, ತೆಂಗಿನ ನಾರು, ಕಸದ ರಾಶಿ ಇರಬಾರದು. ರೀಜನ್ ನಡೆಯುವಾಗ ಸೈಲೆನ್ಸರಿನಿಂದ ಬರುವ ಬಿಸಿ ಗಾಳಿಯಿಂದಲೇ ಅವಕ್ಕೆ ಬೆಂಕಿ ಹತ್ತಬಹುದು.

ಇಷ್ಟು ಮಾಡಿಯೂ ಮೈಲೇಜ್ ಏರದಿದ್ದರೆ, ರೀಜನ್ ಮುಗಿದ ತಕ್ಷಣ ಒತ್ತಡದ ವ್ಯತ್ಯಾಸ ಎಷ್ಟಿದೆ ಎಂದು ಸ್ಕ್ಯಾನರ್‌ನಲ್ಲಿ ಬರೆದಿಟ್ಟುಕೊಳ್ಳಿ. ಮಸಿ ಸುಟ್ಟ ಮೇಲೂ ಅದು ಕಂಪನಿ ಹೇಳುವ ಮಿತಿಗಿಂತ ಹೆಚ್ಚಿದ್ದರೆ ಒಳಗೆ ಕೂತಿರುವುದು ಬೂದಿ.

ಅಂತರಸನಹಳ್ಳಿ_ಲಾರಿ

ಬೂದಿ ಎಂದಾದರೆ ಇಲ್ಲೇ ವಾಟರ್ ಸರ್ವೀಸ್‌ನಲ್ಲಿ ಬಿಚ್ಚಿ ತೊಳೆದುಕೊಡುತ್ತೇವೆ ಎನ್ನುತ್ತಾರೆ. ಮಾಡಿಸಬಹುದೇ?

ಕ್ಯಾತ್ಸಂದ್ರ_ಮೆಕ್ಯಾನಿಕ್

ಬೇಡ. ಜೋರು ನೀರು ಬಿಟ್ಟರೆ ಬೂದಿ ಕೆಸರಾಗಿ ಕೊಳವೆಯ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ, ಆಸಿಡ್ ಹಾಕಿದರೆ ಒಳಗಿನ ಲೇಪನವೇ ಹೋಗುತ್ತದೆ. ಫಿಲ್ಟರನ್ನು ವಿದ್ಯುತ್ ಕುಲುಮೆಯಲ್ಲಿ ನಿಧಾನವಾಗಿ ಬಿಸಿ ಮಾಡಿ, ಹೊರಬಾಯಿಯ ಕಡೆಯಿಂದ ಒಣ ಗಾಳಿ ಹೊಡೆದು ಬೂದಿ ತೆಗೆಯುವ ಯಂತ್ರ ಇರುವಲ್ಲಿಗೆ ಕೊಡಿ. ಕೊಡುವ ಮುಂಚೆ ಮತ್ತು ವಾಪಸ್ ಪಡೆಯುವಾಗ ಎದುರಿಗೇ ತೂಕ ಹಾಕಿಸಿ. ತೂಕ ಇಳಿಯದಿದ್ದರೆ ದುಡ್ಡು ಕೊಡಬೇಡಿ. ಮತ್ತೆ ಜೋಡಿಸುವಾಗ ಗ್ಯಾಸ್ಕೆಟ್ ಹೊಸದು ಹಾಕಿಸಿ, ಇಸಿಎಂನಲ್ಲಿ ಬೂದಿಯ ಲೆಕ್ಕವನ್ನು ರೀಸೆಟ್ ಮಾಡಿಸಿ. ಅದನ್ನು ಮರೆತರೆ ಫಿಲ್ಟರ್ ಖಾಲಿ ಇದ್ದರೂ ಇಸಿಎಂ ತುಂಬಿದೆ ಎಂದುಕೊಂಡು ಮತ್ತೆ ಬೇಗ ಬೇಗ ರೀಜನ್ ಮಾಡಿಸುತ್ತದೆ.