ಹಳೇ 370ಝೆಡ್‌ಗೆ ಸೂಪರ್‌ಚಾರ್ಜರ್ ಹಾಕಿಸಬೇಕು ಅಂತಿದ್ದೇನೆ, ಪುಣೆಯಲ್ಲಿ ಆಗುತ್ತಾ?

ಚಿಂಚವಾಡ_ಝೆಡ್:

ನಮಸ್ಕಾರ ಎಲ್ಲರಿಗೂ. ನನ್ನ ಹತ್ತಿರ 2011ರ ನಿಸ್ಸಾನ್ 370ಝೆಡ್ ಇದೆ, ಆರು ಗೇರಿನ ಮ್ಯಾನುಯಲ್. ನಾನು ಎರಡನೇ ಮಾಲೀಕ. ಗಾಡಿ ಚೆನ್ನಾಗಿದೆ, ಎಲ್ಲೂ ಗುದ್ದಿಲ್ಲ, ಪೇಂಟ್ ಕೂಡ ಕಂಪನಿಯದೇ. 3.7 ಲೀಟರ್ ವಿ6, ಶಕ್ತಿ 330 ಎಚ್‌ಪಿ ಆಸುಪಾಸು. ಇಷ್ಟೆಲ್ಲ ಇದ್ದರೂ ಕೆಳಗಿನ ಆರ್‌ಪಿಎಂನಲ್ಲಿ ಎಳೆತ ಸಾಲದು ಅನಿಸುತ್ತದೆ. ಖಂಡಾಳಾ ಘಾಟ್ ಹತ್ತುವಾಗ ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ, ಪಕ್ಕದಲ್ಲಿ ಬರುವ ಡೀಸೆಲ್ ಎಸ್‌ಯುವಿ ಆರಾಮಾಗಿ ಮುಂದೆ ಹೋಗುತ್ತದೆ. ಮೂರನೇ ಗೇರಿಗೆ ಇಳಿಸಿದರೆ ಸರಿಯಾಗುತ್ತದೆ, ಗೊತ್ತು, ಆದರೂ ಹೊಟ್ಟೆ ಉರಿಯುತ್ತದೆ.

ಅಮೆರಿಕದಿಂದ ಸೂಪರ್‌ಚಾರ್ಜರ್ (ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ) ಕಿಟ್ ತರಿಸುವ ಯೋಚನೆ ಇದೆ. 7 ಪಿಎಸ್‌ಐ ಬೂಸ್ಟ್ (ಗಾಳಿಯ ಹೆಚ್ಚುವರಿ ಒತ್ತಡ), ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಸಮೇತ. ಭೋಸರಿ ಎಂಐಡಿಸಿಯ ಒಂದು ವರ್ಕ್‌ಶಾಪ್‌ನವರು "ನಾಲ್ಕು ದಿನದ ಕೆಲಸ ಸರ್, ಗಾಡಿ ಬಿಟ್ಟು ಹೋಗಿ" ಅಂದರು. ಇಷ್ಟು ಸುಲಭವಾಗಿ ಹೇಳಿದ್ದಕ್ಕೇ ಸ್ವಲ್ಪ ಅನುಮಾನ ಬಂತು. ಎಂಜಿನ್ ತಡೆಯುತ್ತಾ? ಪೆಟ್ರೋಲ್ ಯಾವುದು ಹಾಕಬೇಕು? ಇಲ್ಲಿ ಯಾರಾದರೂ ಮಾಡಿಸಿದ್ದರೆ ಹೇಳಿ. ಮನೆಯಲ್ಲಿ ಇನ್ನೂ ವಿಷಯ ಎತ್ತಿಲ್ಲ, ಹಾಗಾಗಿ ಖರ್ಚಿನ ಲೆಕ್ಕವೂ ಸ್ವಲ್ಪ ಮೆತ್ತಗೆ ಹೇಳಿ.

ಭೋಸರಿ_ರಾಯ:

ಸರ್, ನಾಲ್ಕು ದಿನ ಅಂದವರು ಈ ಕಿಟ್ಟನ್ನು ಕಣ್ಣಾರೆ ನೋಡಿರಲಾರರು. ಅದು ಬಿಡಿ, ಮೊದಲು ನಿಮ್ಮ ದೂರಿಗೆ ಬರೋಣ. ನಿಮಗೆ ಬೇಕಾಗಿರುವುದು 2000ದಿಂದ 3500 ಆರ್‌ಪಿಎಂವರೆಗಿನ ಎಳೆತ. ಈ ಕಾರಿಗೆ ಹೆಚ್ಚಾಗಿ ಸಿಗುವುದು ಸೆಂಟ್ರಿಫ್ಯೂಗಲ್ ಸೂಪರ್‌ಚಾರ್ಜರ್. ಕ್ರ್ಯಾಂಕ್‌ನಿಂದ ಬೆಲ್ಟ್, ಒಳಗೆ ಗೇರು, ಅದರಾಚೆ ನಿಮಿಷಕ್ಕೆ 40 ಸಾವಿರ ಸುತ್ತು ಮೀರಿ ತಿರುಗುವ ಫ್ಯಾನ್. ಇದರ ಬೂಸ್ಟ್ ಆರ್‌ಪಿಎಂನ ವರ್ಗಕ್ಕೆ ತಕ್ಕಂತೆ ಏರುತ್ತದೆ. 7000 ಆರ್‌ಪಿಎಂನಲ್ಲಿ 7 ಪಿಎಸ್‌ಐ ಬರುವ ಹಾಗೆ ಪುಲ್ಲಿ ಹಾಕಿದರೆ 3500ರಲ್ಲಿ ಸಿಗುವುದು ಅದರ ಕಾಲು ಭಾಗ, ಎರಡು ಪಿಎಸ್‌ಐ ಕೂಡ ಇಲ್ಲ. ಅಂದರೆ ಘಾಟ್‌ನಲ್ಲಿ ನಾಲ್ಕನೇ ಗೇರಿನಲ್ಲಿ ಆ ಎಸ್‌ಯುವಿ ಆಮೇಲೂ ಮುಂದೆ ಹೋಗಬಹುದು. ಮಜಾ ಇರುವುದು 5000 ದಾಟಿದ ಮೇಲೆ. ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿಗೆ ಮಿತಿ 100, ಘಾಟ್ ಭಾಗದಲ್ಲಿ 60, ಮೇಲೆ ಕ್ಯಾಮೆರಾ ಬೇರೆ. ಆ 5000 ಆರ್‌ಪಿಎಂ ಎಲ್ಲಿ ನೋಡ್ತೀರಿ?

ಕೆಳಗಿನಿಂದಲೇ ಎಳೆಯಬೇಕು ಅಂದರೆ ರೂಟ್ಸ್ ಅಥವಾ ಟ್ವಿನ್‌ಸ್ಕ್ರೂ ಮಾದರಿಯ ಸೂಪರ್‌ಚಾರ್ಜರ್ ಬೇಕು. ಅವು ಎಂಜಿನ್ ತಿರುಗಿದಷ್ಟೂ ಅಳೆದು ಗಾಳಿ ತಳ್ಳುತ್ತವೆ. ಆದರೆ ಅವು ಕೂರುವುದು ವಿ ಆಕಾರದ ನಡುವೆ, ಎಂಜಿನ್ ಮೇಲೆ. ಝೆಡ್‌ನ ಬಾನೆಟ್ ಎಷ್ಟು ತಗ್ಗು ಅಂತ ನಿಮಗೇ ಗೊತ್ತು.

ಶಾಖದ ಲೆಕ್ಕ ನೋಡಿ. ಏಪ್ರಿಲ್ ತಿಂಗಳ ಪುಣೆ, ಹೊರಗೆ 40 ಡಿಗ್ರಿ. ಆ ಗಾಳಿಯನ್ನು 7 ಪಿಎಸ್‌ಐಗೆ ಒತ್ತಿದರೆ, ಸೂಪರ್‌ಚಾರ್ಜರ್ ದಕ್ಷತೆ ಶೇಕಡ 70 ಅಂತ ಹಿಡಿದರೂ, ಹೊರಬರುವಾಗ 90 ಡಿಗ್ರಿ ದಾಟಿರುತ್ತದೆ. ನಿಮ್ಮ ಎಂಜಿನ್ ಕಂಪ್ರೆಷನ್ 11:1, ಅಂದರೆ ಒಳಗೆ ಬಂದದ್ದನ್ನು ಅದು ತಾನೇ ಹನ್ನೊಂದರಲ್ಲಿ ಒಂದು ಭಾಗಕ್ಕೆ ಒತ್ತುತ್ತದೆ. ಬೂಸ್ಟ್ ಹಾಕಲು ಅಂತ ಮಾಡಿದ ಎಂಜಿನ್ ಅಲ್ಲ ಅದು. ಇಂಟರ್‌ಕೂಲರ್ ಸ್ವಲ್ಪ ಸೋತರೂ ನಾಕಿಂಗ್ (ಬಿಸಿಗೆ ಪೆಟ್ರೋಲ್ ಮಿಶ್ರಣ ತಾನಾಗಿ ಸಿಡಿಯುವುದು) ಶುರು. ಸ್ವಲ್ಪ ನಾಕಿಂಗ್ ಆದರೆ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಸ್ಪಾರ್ಕ್ ಟೈಮಿಂಗ್ ಹಿಂದಕ್ಕೆ ಎಳೆದು ಕಾಪಾಡುತ್ತದೆ, ಜಾಸ್ತಿ ಆದರೆ ಪಿಸ್ಟನ್‌ನ ರಿಂಗ್ ಲ್ಯಾಂಡ್ (ರಿಂಗ್ ಕೂರುವ ಅಂಚು) ಒಡೆಯುತ್ತದೆ. ಆಮೇಲೆ ಎಂಜಿನ್ ಬಿಚ್ಚಬೇಕು, ಇನ್ನು ದಾರಿ ಇಲ್ಲ.

ಇನ್ನೊಂದು ಮಾತು. ಅಮೆರಿಕದ ಕಿಟ್ ಎಡಗಡೆ ಸ್ಟೀರಿಂಗ್ ಕಾರಿಗೆ ಅಳೆದು ಮಾಡಿದ್ದು. ನಮ್ಮ ಬ್ರೇಕ್ ಬೂಸ್ಟರ್, ಸ್ಟೀರಿಂಗ್ ಕಾಲಮ್ ಎಲ್ಲ ಆ ಕಡೆಯಿಂದ ಈ ಕಡೆಗೆ ಬಂದಿರುತ್ತವೆ. ಜಪಾನ್, ಆಸ್ಟ್ರೇಲಿಯಾ, ಇಂಗ್ಲೆಂಡಿನಲ್ಲೂ ಬಲಗಡೆ ಸ್ಟೀರಿಂಗ್‌ನ ಝೆಡ್ ಇವೆ. ಆರ್ಡರ್ ಮಾಡುವ ಮುಂಚೆ "ಬಲಗಡೆ ಸ್ಟೀರಿಂಗ್ ಕಾರಿಗೆ ಕೂತಿರುವ ಫೋಟೊ ಕಳಿಸಿ" ಅಂತ ಬರೆದು ಕೇಳಿ. ಕಸ್ಟಮ್ಸ್ ಕಟ್ಟಿ ಬಿಡಿಸಿಕೊಂಡ ಮೇಲೆ ಪೈಪ್ ತಗಲುತ್ತದೆ ಅಂತ ಗೊತ್ತಾದರೆ ವಾಪಸ್ ಕಳಿಸುವ ಹಾಗಿಲ್ಲ.

ವಿಮೆ_ಕಾಕಾ:

ಎಂಜಿನ್ ವಿಷಯ ರಾಯರು ಹೇಳಿದ್ದಾರೆ, ನಾನು ಕಾಗದದ ವಿಷಯ ಹೇಳುತ್ತೇನೆ. ಯಾರಿಗೂ ಇಷ್ಟ ಆಗದ ವಿಷಯ, ಬೈಯಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಸೇರಿಸಿದರು. ದಂಡ ಬಿಡಿ, ಕಟ್ಟಬಹುದು. ಅಪಘಾತ ಆಗಿ ಸರ್ವೇಯರ್ ಬಾನೆಟ್ ಎತ್ತಿದಾಗ ಅಲ್ಲೊಂದು ಹೊಳೆಯುವ ಸೂಪರ್‌ಚಾರ್ಜರ್ ಕಂಡರೆ ಕ್ಲೇಮ್ ತಳ್ಳಿಹಾಕಲು ಅವರಿಗೆ ಬೇರೆ ಕಾರಣವೇ ಬೇಡ.

ನಿಮ್ಮದು 2011ರ ಗಾಡಿ ಅಂದಿರಿ. ಅಂದರೆ 2026ಕ್ಕೆ ಹದಿನೈದು ವರ್ಷ. ಆರ್‌ಸಿ ನವೀಕರಣಕ್ಕೆ ಆರ್‌ಟಿಒ ಮುಂದೆ ನಿಲ್ಲಿಸಲೇಬೇಕು, ಫಿಟ್‌ನೆಸ್ ನೋಡುತ್ತಾರೆ, ಪಾಸಾದರೆ ಐದು ವರ್ಷಕ್ಕೆ ಕೊಡುತ್ತಾರೆ. ಈ ಸಮಯಕ್ಕೇ ಕಿಟ್ ಹಾಕಿಸುವುದು ಏನಕ್ಕೆ ಅಂತ?

ಮಡಗಾಂವ್_ಶೆಣೈ:

ಕಾಕಾ, ನೀವು ಬಂದರೆ ಹುಡುಗರೆಲ್ಲ ಸೈಕಲ್ ಹತ್ತಬೇಕಾಗುತ್ತದೆ. ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ನನ್ನ ಗೆಳೆಯನ ಬೂಸ್ಟ್ ಹಾಕಿದ ಝೆಡ್ಡನ್ನು ಇಲ್ಲಿ ಗೋವಾದಲ್ಲಿ ಸಾಕಷ್ಟು ಓಡಿಸಿದ್ದೇನೆ. ಸರಿಯಾಗಿ ಟ್ಯೂನ್ ಮಾಡಿದರೆ ಅದು ಬೇರೆಯದೇ ಕಾರು. ಟರ್ಬೊದ ಹಾಗೆ ಕಾಯಿಸಿ ಧಡ್ ಅಂತ ಒದೆಯುವುದಿಲ್ಲ, ಆರ್‌ಪಿಎಂ ಏರಿದ ಹಾಗೆ ಎಳೆತ ಏರುತ್ತಲೇ ಹೋಗುತ್ತದೆ, ಅದೇ ವಿ6 ಸದ್ದಿನ ಮೇಲೆ ಒಂದು ಸಣ್ಣ ಶಿಳ್ಳೆ. ಈ ಸುಖಕ್ಕೆ ಲೆಕ್ಕ ಹಾಕಬೇಡಿ.

ಆದರೆ ಕಿಟ್‌ಗಿಂತ ಮುಂಚೆ ಈ ಎಂಜಿನ್ನಿನ ಹಳೇ ಕಾಯಿಲೆಗಳನ್ನು ಮುಗಿಸಿ. ಮೊದಲನೆಯದು ಆಯಿಲ್ ಗ್ಯಾಲರಿ ಗ್ಯಾಸ್ಕೆಟ್. ಟೈಮಿಂಗ್ ಕವರ್ ಹಿಂದೆ ಕಾಗದದ ಗ್ಯಾಸ್ಕೆಟ್ ಇರುತ್ತದೆ, ವರ್ಷ ಕಳೆದಂತೆ ಒಡೆದು ಆಯಿಲ್ ಪ್ರೆಷರ್ ಸೋರುತ್ತದೆ. ಬಿಸಿ ಎಂಜಿನ್ನಿನಲ್ಲಿ ಐಡಲ್‌ನಲ್ಲಿ ಪ್ರೆಷರ್ ತೀರಾ ಕೆಳಗೆ ಇಳಿಯುತ್ತಾ ಅಂತ ನೋಡಿ. ಲೋಹದ ಗ್ಯಾಸ್ಕೆಟ್ ಸಿಗುತ್ತದೆ. ಸೂಪರ್‌ಚಾರ್ಜರ್ ಕೂರಿಸಲು ಬೆಲ್ಟ್, ಪುಲ್ಲಿ, ಮುಂದಿನದೆಲ್ಲ ಹೇಗೂ ಬಿಚ್ಚುತ್ತೀರಿ, ಆಗಲೇ ಕವರೂ ತೆಗೆಸಿ, ಕೂಲಿ ಉಳಿಯುತ್ತದೆ. ಎರಡನೆಯದು ಆಯಿಲ್ ಬಿಸಿ. ಮೊದಮೊದಲ ಝೆಡ್‌ಗಳು ಟ್ರ್ಯಾಕ್‌ನಲ್ಲಿ ಬೂಸ್ಟ್ ಇಲ್ಲದೆಯೇ ಆಯಿಲ್ ಕುದಿಸಿ, ಇಸಿಯು ತಾನಾಗಿ ಪವರ್ ತಗ್ಗಿಸುತ್ತಿತ್ತು. ದೊಡ್ಡ ಆಯಿಲ್ ಕೂಲರ್ ಇಲ್ಲದೆ ಬೂಸ್ಟ್ ಮಾತೇ ಬೇಡ. ಕ್ಲಚ್ಚಿನ ಸ್ಲೇವ್ ಸಿಲಿಂಡರ್ ಗೇರ್‌ಬಾಕ್ಸ್ ಒಳಗೆ ಇದೆ, ಸೋರಿದರೆ ಗೇರ್‌ಬಾಕ್ಸ್ ಇಳಿಸಬೇಕು, ಅದನ್ನೂ ಕ್ಲಚ್ ಜೊತೆಗೇ ಬದಲಿಸಿ. 450 ಎಚ್‌ಪಿಗೆ ಹಳೇ ಕ್ಲಚ್ ಜಾರುತ್ತದೆ.

ಪೆಟ್ರೋಲ್ ವಿಷಯ. ಎಕ್ಸ್‌ಪಿ100 (ಇಂಡಿಯನ್ ಆಯಿಲ್‌ನ 100 ಆಕ್ಟೇನ್ ಪೆಟ್ರೋಲ್, ಆಕ್ಟೇನ್ ಜಾಸ್ತಿ ಇದ್ದಷ್ಟೂ ನಾಕಿಂಗ್ ಕಡಿಮೆ) ಪುಣೆ, ಮುಂಬೈಯಲ್ಲಿ ಸಿಗುತ್ತದೆ, ಎಲ್ಲ ಬಂಕ್‌ನಲ್ಲೂ ಅಲ್ಲ. ಬೆಳಗಾವಿ ಕಡೆ ಹೊರಟು ದಾರಿಯಲ್ಲಿ ಸಾದಾ ಪೆಟ್ರೋಲ್ ಹಾಕಿಸಬೇಕಾಗಿ ಬಂದರೆ? ಅದಕ್ಕೆ ಟ್ಯೂನರ್ ಹತ್ತಿರ ಎರಡು ಮ್ಯಾಪ್ (ಇಸಿಯು ಸೆಟ್ಟಿಂಗ್) ಮಾಡಿಸಿ, ಒಂದು ಕಡಿಮೆ ಆಕ್ಟೇನ್‌ಗೆ. ಈಗ ಇ20 (ಶೇಕಡ 20 ಎಥನಾಲ್ ಬೆರೆಸಿದ ಪೆಟ್ರೋಲ್) ಬೇರೆ. ಎಥನಾಲ್‌ನಲ್ಲಿ ಶಕ್ತಿ ಕಡಿಮೆ, ಅದೇ ಗಾಳಿಗೆ ಜಾಸ್ತಿ ಇಂಧನ ಬೇಕು. ಶುದ್ಧ ಪೆಟ್ರೋಲ್‌ಗೆ 14.7 ಇರುವ ಗಾಳಿ-ಇಂಧನ ಅನುಪಾತ ಇ20ಗೆ 13.5ರ ಹತ್ತಿರ ಬರುತ್ತದೆ. ಕಿಟ್ ಜೊತೆ ಬರುವ ಇಂಜೆಕ್ಟರ್ ಯಾವ ಪೆಟ್ರೋಲ್‌ಗೆ ಲೆಕ್ಕ ಹಾಕಿದ್ದು ಅಂತ ಕೇಳಿ, ಒಂದು ಸೈಜ್ ದೊಡ್ಡದೇ ತಗೊಳ್ಳಿ. ಮತ್ತೆ, ಝೆಡ್‌ನ ಟ್ಯಾಂಕ್ ಅರ್ಧಕ್ಕಿಂತ ಕೆಳಗಿದ್ದಾಗ ಉದ್ದನೆಯ ತಿರುವಿನಲ್ಲಿ ಪಂಪ್‌ಗೆ ಪೆಟ್ರೋಲ್ ಸಿಗದೆ ಹೋಗುವುದುಂಟು. ಮಾಮೂಲಿ ಝೆಡ್ ಆದರೆ ಸುಮ್ನೆ ಒಂದು ಕ್ಷಣ ತಡವರಿಸುತ್ತದೆ. ಬೂಸ್ಟ್‌ನಲ್ಲಿ ಹಾಗಾದರೆ ಎಂಜಿನ್ ಲೀನ್ ಆಗಿ (ಗಾಳಿಗೆ ತಕ್ಕ ಪೆಟ್ರೋಲ್ ಸಾಲದೆ) ಅಲ್ಲೇ ಪಿಸ್ಟನ್ ಹೋಯಿತು. ತಾಮ್ಹಿಣಿ ಘಾಟ್ ನಿಮ್ಮ ಮೆಚ್ಚಿನ ರಸ್ತೆ ಆಗಿದ್ದರೆ ಇದನ್ನು ಮರೆಯಬೇಡಿ.

ಚಿಂಚವಾಡ_ಝೆಡ್:

ಅಯ್ಯೋ, ಒಂದು ಪ್ರಶ್ನೆ ಕೇಳಿದರೆ ಇಡೀ ಕಾರು ಬಿಚ್ಚಿಟ್ಟಿರಿ. ಧನ್ಯವಾದ. ಬೂಸ್ಟ್ ಕಾಲು ಭಾಗ ಅನ್ನುವ ಲೆಕ್ಕ ನನಗೆ ಗೊತ್ತೇ ಇರಲಿಲ್ಲ, ವರ್ಕ್‌ಶಾಪ್‌ನವರೂ ಹೇಳಲಿಲ್ಲ. ಒಂದು ಮಾತು ಕಾಕಾ ಅವರಿಗೆ: ಆರ್‌ಟಿಒಗೆ ಹೋಗುವ ಮುಂಚೆ ಕಿಟ್ ಬಿಚ್ಚಿ, ಆಮೇಲೆ ಹಾಕಿಸಿದರೆ?

ವಿಮೆ_ಕಾಕಾ:

ಇಂಜೆಕ್ಟರ್, ಮ್ಯಾಪ್, ಪೈಪು, ಪಂಪು, ಎಲ್ಲ ಹಿಂದಿನ ಹಾಗೆ ಮಾಡಿ ಮತ್ತೆ ಹಾಕಿಸಬೇಕು. ಕೂಲಿ ಎರಡು ಸಲ. ಅಷ್ಟಾದರೂ ಫಿಟ್‌ನೆಸ್ ನೋಡುವುದು ಒಂದು ದಿನ, ಪಾಲಿಸಿ ಇರುವುದು ವರ್ಷವಿಡೀ.

ಭೋಸರಿ_ರಾಯ:

ಎಳೆತವೇ ಬೇಕಿದ್ದರೆ ಫೈನಲ್ ಡ್ರೈವ್ (ಹಿಂದಿನ ಚಕ್ರಗಳ ನಡುವಿನ ಕೊನೆಯ ಗೇರ್ ಅನುಪಾತ) ನೋಡಿ. ನಿಮ್ಮ ಮ್ಯಾನುಯಲ್‌ನಲ್ಲಿ 3.69 ಇದೆ, ಹೊರಗಡೆ 4.08 ಸಿಗುತ್ತದೆ. ಎಲ್ಲ ಗೇರಿನಲ್ಲೂ, ಎಲ್ಲ ಆರ್‌ಪಿಎಂನಲ್ಲೂ ಚಕ್ರಕ್ಕೆ ಸುಮಾರು ಶೇಕಡ 10 ಜಾಸ್ತಿ ಟಾರ್ಕ್. ಎಂಜಿನ್ ಮುಟ್ಟಬೇಕಿಲ್ಲ, ಬಿಸಿ ಹೆಚ್ಚುವುದಿಲ್ಲ. ಕಾಗದದ ಪ್ರಕಾರ ಇದೂ ಬದಲಾವಣೆಯೇ, ಕಾಕಾ ಕಣ್ಣು ಬಿಡುವ ಮುಂಚೆ ನಾನೇ ಹೇಳಿಬಿಡುತ್ತೇನೆ. ಹೈವೇಯಲ್ಲಿ ಆರ್‌ಪಿಎಂ ಸ್ವಲ್ಪ ಮೇಲಿರುತ್ತದೆ, ಮೈಲೇಜ್ ಸ್ವಲ್ಪ ಇಳಿಯುತ್ತದೆ, ಅಷ್ಟೇ. ಅದರ ಕ್ರೌನ್-ಪಿನಿಯನ್ ಗೇರುಗಳ ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಂದು) ಸರಿಯಾಗಿ ಕೂರಿಸಲು ಗೊತ್ತಿರುವ ಮಿಸ್ತ್ರಿ ಬೇಕು, ಇಲ್ಲದಿದ್ದರೆ ಹಿಂದಿನಿಂದ ಗುಂಯ್ ಅಂತ ಸದ್ದು ಶುರುವಾಗುತ್ತದೆ.

ಮಡಗಾಂವ್_ಶೆಣೈ:

ರಾಯರೇ, ಅದರಲ್ಲಿ ಶಿಳ್ಳೆ ಎಲ್ಲಿದೆ ಮಾರಾಯರೇ!

ಚಿಂಚವಾಡ_ಝೆಡ್:

ಹೀಗೆ ಮಾಡುತ್ತೇನೆ. ಮೊದಲು ಕಂಪ್ರೆಷನ್, ಲೀಕ್‌ಡೌನ್ (ಸಿಲಿಂಡರಿನಿಂದ ಗಾಳಿ ಎಷ್ಟು ಸೋರುತ್ತದೆ ಅಂತ ನೋಡುವುದು), ಬಿಸಿ ಆಯಿಲ್ ಪ್ರೆಷರ್ ಪರೀಕ್ಷೆ. ಗ್ಯಾಸ್ಕೆಟ್, ಆಯಿಲ್ ಕೂಲರ್ ಹೇಗೂ ಬೇಕೇ ಬೇಕು. ಆರ್‌ಸಿ ನವೀಕರಣ ಮುಗಿಯಲಿ. ಆಮೇಲೆ 4.08ರ ಬೆಲೆ ವಿಚಾರಿಸುತ್ತೇನೆ. ಕಿಟ್ ಕನಸು ಇನ್ನೂ ಬಿಟ್ಟಿಲ್ಲ ಶೆಣೈ ಅವರೇ, ಒಮ್ಮೆ ಗೋವಾಕ್ಕೆ ಬಂದಾಗ ನಿಮ್ಮ ಗೆಳೆಯರ ಗಾಡಿಯಲ್ಲಿ ಕೂರಿಸಿ. ರಾಯರೇ, ಲೀಕ್‌ಡೌನ್ ಟೆಸ್ಟರ್ ನಿಮ್ಮ ಹತ್ತಿರ ಇದೆಯಾ?

ಭೋಸರಿ_ರಾಯ:

ಇದೆ. ಭಾನುವಾರ ಬೆಳಿಗ್ಗೆ ಬನ್ನಿ. ಎಂಜಿನ್ ಬಿಸಿಯಾಗಿರಬೇಕು, ಅದಕ್ಕೆ ಚಿಂಚವಾಡದಿಂದ ನೇರ ಬರಬೇಡಿ, ದೇಹೂ ರೋಡ್ ಕಡೆ ಒಂದು ಸುತ್ತು ಹಾಕಿಕೊಂಡು ಬನ್ನಿ. ಹೊಸ ಸ್ಪಾರ್ಕ್ ಪ್ಲಗ್ ತಂದರೆ ಒಳ್ಳೆಯದು, ಹೇಗೂ ಬಿಚ್ಚುತ್ತೇವೆ.