ಪದಚರ್ಚೆ: ಕಾಂಡ ರಾತ್ರಿ 'ಬೆಳೆಯುತ್ತದೆ'ಯೋ 'ಹಿಗ್ಗುತ್ತದೆ'ಯೋ? (ಫಲಕಕ್ಕೆ ತುರ್ತಾಗಿ ಬೇಕು)

ಬಳಗದವರಿಗೆ ನಮಸ್ಕಾರ.

ಸಸ್ಯೋದ್ಯಾನವೊಂದರಲ್ಲಿ ತೇಗದ ಮರಕ್ಕೆ ಕಾಂಡದ ದಪ್ಪ ಅಳೆಯುವ ಡೆಂಡ್ರೋಮೀಟರ್ ಕಟ್ಟಿದ್ದಾರೆ: ಸ್ಪ್ರಿಂಗ್ ಇರುವ ಉಕ್ಕಿನ ಪಟ್ಟಿ, ಗಂಟೆಗೊಮ್ಮೆ ದಾಖಲಿಸುವ ಸೆನ್ಸರ್. ಪಕ್ಕದ ಫಲಕದ ಕನ್ನಡ ಪಠ್ಯ ಗುರುವಾರ ಅಚ್ಚಿಗೆ ಹೋಗಬೇಕು. ಸಿಕ್ಕು ಮೂರಿವೆ. ಉಪಕರಣಕ್ಕೆ ಏನೆನ್ನೋಣ? ಕಾಂಡ ಹಗಲು ಸಣ್ಣಗಾಗಿ ರಾತ್ರಿ ದಪ್ಪಗಾಗುವುದಕ್ಕೆ ಕರಡಿನಲ್ಲಿ 'ದೈನಂದಿನ ಬೆಳವಣಿಗೆ' ಎಂದಿದೆ, ಸರಿಯೇ? ಗಾಳಿ ಇನ್ನೆಷ್ಟು ಆವಿ ಹಿಡಿಯಬಲ್ಲದು ಎಂಬುದಕ್ಕೆ 'ಆವಿ ಒತ್ತಡದ ಕೊರತೆ', ಮರದೊಳಗೆ ಕಡಿಮೆಯಾದ ನೀರಿಗೆ 'ನೀರಿನ ಕೊರತೆ' ಎಂದಿದೆ. ಎರಡು ಕೊರತೆ ಒಂದೇ ವಾಕ್ಯದಲ್ಲಿ ಬಂದು ಯಾವುದು ಯಾವುದೆಂದು ತಿಳಿಯುತ್ತಿಲ್ಲ.
— ಸು.

*

'ಮರದಳಕ' ಎನ್ನಿ. ಮರ, ಅಳೆ. ಗ್ರೀಕಿನಲ್ಲಿ ಇರುವುದೂ ಈ ಎರಡೇ ಮಾತು. ಎರಡೂ ನಮ್ಮಲ್ಲಿರುವಾಗ ಸಾಲ ಏಕೆ? 'ಮರಮಾಪಕ' ಅಂತೂ ಬೇಡ, ಕನ್ನಡಕ್ಕೆ ಸಂಸ್ಕೃತ ಬೆಸೆದ ಅರಿಸಮಾಸ.
— ರಾ. ಹೆ.

*

ಅಳಕ ಎಂದರೆ ಮುಂಗುರುಳು. ಆಗದು.

ಅರಿಸಮಾಸದ ಮಾತೂ ಸಾಕು. ಮಳೆಮಾಪಕ ಶಾಲೆಯ ಪುಸ್ತಕದಲ್ಲಿದೆ, ಅದರಿಂದ ಯಾರಿಗೂ ಅಡ್ಡಿಯಾಗಿಲ್ಲ. ಬಿರುದಾವಳಿಗೆ ವ್ಯಾಕರಣಕಾರ ಕೇಶಿರಾಜನೇ ವಿನಾಯಿತಿ ಕೊಟ್ಟ.
— ವಿ.

*

ವಿನಾಯಿತಿ ಬಿರುದಿಗೆ, ಉಪಕರಣಕ್ಕಲ್ಲ.
— ರಾ. ಹೆ.

*

ಹೆಸರಿನ ಜಗಳದಲ್ಲಿ ನಿಜವಾದ ತಪ್ಪು ಹಾಗೇ ಅಚ್ಚಾಗಿಬಿಡುತ್ತದೆ. ಸು. ಅವರೇ, ಎರಡನೆಯ ಪ್ರಶ್ನೆಯೇ ಮುಖ್ಯ. 'ದೈನಂದಿನ ಬೆಳವಣಿಗೆ' ತಪ್ಪು.

ಬೆಳಿಗ್ಗೆ ಎಲೆಯ ರಂಧ್ರಗಳು ತೆರೆದಾಗ ಬೇರು ಒದಗಿಸುವುದಕ್ಕಿಂತ ಹೆಚ್ಚು ನೀರು ಆವಿಯಾಗಿ ಹೋಗುತ್ತದೆ. ಆ ವ್ಯತ್ಯಾಸವನ್ನು ಬಹುಮಟ್ಟಿಗೆ ತೊಗಟೆಯ ಜೀವಂತ ಕೋಶಗಳು ತುಂಬಿಕೊಡುತ್ತವೆ, ಅದಕ್ಕೇ ಕಾಂಡ ಸಣ್ಣಗಾಗುತ್ತದೆ. ಮಧ್ಯಾಹ್ನದ ಇಳಿಹೊತ್ತಿಗೆ ಅತಿ ಸಣ್ಣ, ನಸುಕಿನಲ್ಲಿ ಅತಿ ದಪ್ಪ. ತ್ರಿಜ್ಯದಲ್ಲಿ ಹತ್ತಾರು ಮೈಕ್ರಾನ್, ಕೆಲವೊಮ್ಮೆ ನೂರಕ್ಕೂ ಮೇಲೆ. ಇದು ನೀರಿನ ಹೋಗುಬರುವು, ಹೊಸ ಮರವಲ್ಲ. ಮಳೆಗಾಲದಲ್ಲಿ ಬಾಗಿಲು ಹಿಗ್ಗಿ ಚೌಕಟ್ಟಿಗೆ ಸಿಕ್ಕಿಕೊಂಡರೆ 'ಬಾಗಿಲು ಬೆಳೆಯಿತು' ಎನ್ನುತ್ತೇವೆಯೇ? ಇಲ್ಲಿಗೆ ಹಿಗ್ಗು-ಕುಗ್ಗು ಸಾಕು.

ಬೆಳವಣಿಗೆ ಎಂದರೆ ತೊಗಟೆಗೂ ಮರಕ್ಕೂ ನಡುವಿನ ಬೆಳೆಯುವ ಪದರವಾದ ಕೇಂಬಿಯಂನಲ್ಲಿ ಕೋಶ ಇಬ್ಭಾಗವಾಗಿ, ಹಿರಿದಾಗಿ, ಮತ್ತೆ ಹಿಂದಕ್ಕೆ ಹೋಗದ ದಪ್ಪ. ಅಳತೆಯಲ್ಲಿ ಇದನ್ನು ಬೇರ್ಪಡಿಸುವ ರೂಢಿಯ ವಿಧಾನ: ಕಾಂಡ ತನ್ನ ಹಿಂದಿನ ಅತಿ ಹೆಚ್ಚಿನ ದಪ್ಪ ದಾಟಿದರೆ, ದಾಟಿದಷ್ಟು ಮಾತ್ರ ಬೆಳವಣಿಗೆ. ಅದಕ್ಕಿಂತ ಕೆಳಗಿದ್ದಷ್ಟು ಹೊತ್ತು ಬೆಳವಣಿಗೆ ಸೊನ್ನೆ. ಆ ಕೆಳಗಿನ ಅಂತರವೇ ನಿಮ್ಮ 'ನೀರಿನ ಕೊರತೆ'. ಅದಕ್ಕೆ 'ನೀರಿನ ಬಾಕಿ' ಎನ್ನಿ. ಹಗಲು ಏರುತ್ತದೆ, ರಾತ್ರಿ ತೀರುತ್ತದೆ. ಬರದಲ್ಲಿ ವಾರಗಟ್ಟಲೆ ತೀರದೆ ಉಳಿಯುತ್ತದೆ. ಬಾಕಿ ಇರುವಾಗ ಕೋಶದೊಳಗಿನ ನೀರಿನ ಒತ್ತಡ ಸಾಲದು, ಗೋಡೆ ಹಿಗ್ಗದು, ಸಕ್ಕರೆ ಎಷ್ಟಿದ್ದರೂ ಮರ ಬೆಳೆಯದು. ಕೊರತೆ ಎಂಬುದನ್ನು ಗಾಳಿಗೆ ಬಿಡಿ.
— ಮ.

*

'ಬಾಕಿ' ಅರಬ್ಬಿಯದು. ಗಾಳಿಗಾದರೂ ನಮ್ಮದೇ 'ನೀರಡಿಕೆ' ಇದೆ: ಗಾಳಿಯ ನೀರಡಿಕೆ ಹೆಚ್ಚಾದಂತೆ ಮರ ಕುಗ್ಗುತ್ತದೆ.
— ರಾ. ಹೆ.

*

ಅರಬ್ಬಿಯಾದರೇನು, ಅಂಗಡಿಯ ಲೆಕ್ಕದಲ್ಲಿ ಅದರಷ್ಟು ಕನ್ನಡದ ಮಾತು ಇನ್ನೊಂದಿಲ್ಲ. 'ಗಾಳಿಯ ನೀರಡಿಕೆ' ಮಾತ್ರ ಚೆನ್ನಾಗಿದೆ, ಒಪ್ಪಿದೆ. ಒಂದೇ ಷರತ್ತು: ಅದನ್ನು 'ತೇವಾಂಶ ಕಡಿಮೆ' ಎಂದು ಬಿಡಿಸಿ ಬರೆಯಬೇಡಿ. ಸಾಪೇಕ್ಷ ತೇವಾಂಶ 70% ಇದ್ದಾಗ 20 ಡಿಗ್ರಿಯಲ್ಲಿ ಈ ನೀರಡಿಕೆ ಸುಮಾರು 0.7 ಕಿಲೋಪಾಸ್ಕಲ್, 32 ಡಿಗ್ರಿಯಲ್ಲಿ 1.4. ಶೇಕಡಾವಾರು ಅದೇ, ಮರದ ಮೇಲಿನ ಎಳೆತ ಎರಡು ಪಟ್ಟು.

'ಮರ ರಾತ್ರಿ ಬೆಳೆಯುತ್ತದೆ' ಎಂಬ ಸಾಲು ಕರಡಿನಲ್ಲಿದ್ದರೆ ಅದು 2021ರ ಸ್ವಿಟ್ಜರ್ಲೆಂಡ್ ಅಧ್ಯಯನದಿಂದ ಬಂದದ್ದಿರಬೇಕು. ಮರಗಳಿಗೆ ಡೆಂಡ್ರೋಮೀಟರ್ ಕಟ್ಟಿ ಅಳೆಯುವ ಅಲ್ಲಿನ ಟ್ರೀನೆಟ್ ಜಾಲದ ಅಳತೆಗಳಲ್ಲಿ ಬೆಳವಣಿಗೆಯ ಬಹುಪಾಲು ರಾತ್ರಿಯದು. ಮಣ್ಣು ಸ್ವಲ್ಪ ಒಣಗಿದ್ದರೂ ಗಾಳಿ ತೇವವಾಗಿದ್ದರೆ ಮರ ಬೆಳೆಯುತ್ತಿತ್ತು, ಗಾಳಿ ಒಣಗಿದ್ದರೆ ಇಲ್ಲ. ಆದರೆ ಅವು ಏಳು ಜಾತಿಯ ಸಮಶೀತೋಷ್ಣ ಮರಗಳು. ತೇಗದ ಪಕ್ಕದ ಫಲಕದಲ್ಲಿ ಆ ದೇಶದ ಹೆಸರಿಲ್ಲದೆ ಬರೆದರೆ ಓದುವವರಿಗೆ ಸುಳ್ಳು ಹೇಳಿದಂತೆ. ತೇಗ ಬೇಸಗೆಯಲ್ಲಿ ಎಲೆ ಉದುರಿಸಿ ನಿಲ್ಲುವ ಮರ. ಆಗ ಪಟ್ಟಿ ಸಡಿಲವಾಗುವುದೂ, ಮೊದಲ ಮಳೆಗೆ ಒಮ್ಮೆಲೇ ಬಿಗಿಯುವುದೂ ನೀರಿನ ಆಟವೇ.
— ಮ.

*

ಪಟ್ಟಿಯ ಬಗ್ಗೆ ಒಂದು ಮಾತು, ಇದೂ ಫಲಕದ ಪದಕ್ಕೆ ತಗಲುತ್ತದೆ. ಒಂದು ಮೀಟರ್ ಉದ್ದದ ಸ್ಟೇನ್‌ಲೆಸ್ ಉಕ್ಕಿನ ಪಟ್ಟಿ 10 ಡಿಗ್ರಿ ತಂಪಾದರೆ ತಾನೇ ಸುಮಾರು 0.17 ಮಿ.ಮೀ. ಕುಗ್ಗುತ್ತದೆ. ಸ್ಪ್ರಿಂಗ್ ಅಷ್ಟು ಎಳೆದುಕೊಂಡು, ಮರ ಹಿಗ್ಗಿದಂತೆ ದಾಖಲಾಗುತ್ತದೆ. ಹಗಲು ತದ್ವಿರುದ್ಧ. ತಪ್ಪು ಮರದ ಲಯಕ್ಕೇ ಕೂಡಿಕೊಳ್ಳುವುದರಿಂದ ಗ್ರಾಫ್ ನೋಡಿ ಹಿಡಿಯಲಾಗದು, ಉಷ್ಣತೆ ಬರೆದಿಟ್ಟು ಕಳೆಯಬೇಕು. ಸಡಿಲ ತೊಗಟೆಯನ್ನು ಹೆರೆಯದೆ ಕಟ್ಟಿದ್ದರೆ ಮಳೆಗೆ ಸತ್ತ ತೊಗಟೆಯೂ ನೆನೆದು ಉಬ್ಬುತ್ತದೆ. ಹೊಸದಾಗಿ ಕಟ್ಟಿದ ಪಟ್ಟಿ ಕೂತುಕೊಳ್ಳಲು ತಿಂಗಳುಗಳೇ ಬೇಕು, ಅಲ್ಲಿಯವರೆಗೆ ಬೆಳವಣಿಗೆ ಕಡಿಮೆ ತೋರಿಸುತ್ತದೆ.

ಹೆಸರು 'ಸುತ್ತಳತೆ ಪಟ್ಟಿ' ಎಂದಿರಲಿ. ಸುತ್ತಳತೆ ಅರಣ್ಯದವರ ದಿನಬಳಕೆಯ ಮಾತು, ಅವರು 1.37 ಮೀಟರ್ ಎತ್ತರದಲ್ಲಿ ಅಳೆಯುವುದೂ ಅದನ್ನೇ. ಡೆಂಡ್ರೋಮೀಟರ್ ಎಂಬುದು ಮರದ ಎತ್ತರ ಅಳೆಯುವ ಸಾಧನಗಳಿಗೂ ಇದ್ದ ಹೆಸರು, ಹಾಗಾಗಿ 'ಮರಮಾಪಕ' ಎಂದರೂ 'ಮರದಳಕ' ಎಂದರೂ ಏನನ್ನು ಅಳೆಯುತ್ತದೆಂದು ಗೊತ್ತಾಗದು.
— ವಿ.

*

ಕೃತಜ್ಞತೆಗಳು. ಹೀಗೆ ಕಳಿಸುತ್ತಿದ್ದೇನೆ: "ಈ ಸುತ್ತಳತೆ ಪಟ್ಟಿ ಕಾಂಡದ ಹಿಗ್ಗು-ಕುಗ್ಗನ್ನು ಗಂಟೆಗೊಮ್ಮೆ ಬರೆದಿಡುತ್ತದೆ. ಗಾಳಿಯ ನೀರಡಿಕೆ ಹೆಚ್ಚಿದಾಗ ಕಾಂಡ ಕುಗ್ಗುತ್ತದೆ. ನೀರಿನ ಬಾಕಿ ತೀರಿದ ಮೇಲೆ, ಹಿಂದಿನ ದಪ್ಪವನ್ನು ದಾಟಿದಷ್ಟೇ ಬೆಳವಣಿಗೆ." ಸ್ವಿಟ್ಜರ್ಲೆಂಡಿನ ಸಾಲು ತೆಗೆದೆ.
— ಸು.

*

'ಬಾಕಿ'ಗೆ ನನ್ನ ಒಪ್ಪಿಗೆ ಇಲ್ಲ. 'ತೀರಬೇಕಾದ ನೀರು' ಎನ್ನಬಹುದಿತ್ತು.
— ರಾ. ಹೆ.